ಟೈರಿಗೂ ಹುಟ್ಟಿದ ತಾರೀಖು ಕೇಳಿದ ಅತ್ತೆ

ನಮ್ಮ ಅತ್ತೆ ಕಾರಿನಿಂದ ಇಳಿಯುವುದನ್ನು ನೋಡಲು ವಿದ್ಯಾರಣ್ಯಪುರಂನ ನಮ್ಮ ಬೀದಿಯವರು ಕೆಲಸ ಬಿಟ್ಟು ಗೇಟಿಗೆ ಬಂದು ನಿಲ್ಲುತ್ತಿದ್ದರು. ಕಾರು ಅಷ್ಟು ಕುಳ್ಳು. ನಿಂತವರ ಎದೆಮಟ್ಟಕ್ಕೂ ಬಾರದ, ಅರಿಶಿನ ಬಣ್ಣದ, ಎರಡೇ ಸೀಟಿನ ವಿದೇಶಿ ಸ್ಪೋರ್ಟ್ಸ್ ಕಾರು. ಬಾಗಿಲು ತೆರೆದರೆ ಮೊದಲು ಬೆಳ್ಳಗಿನ ತುರುಬು ಹೊರಬರುತ್ತಿತ್ತು. ಆಮೇಲೆ ಒಂದು ಭುಜ, ಆಮೇಲೆ ಇನ್ನೊಂದು, ಕೊನೆಗೆ ಸೀರೆಯ ನೆರಿಗೆ ಸಮೇತ ಉಳಿದ ಅತ್ತೆ. "ಕಾಲು ಮೊದಲು ಊರಿ ಇಳೀಬಾರ್ದಾ ಡಾಕ್ಟ್ರೇ?" ಎಂದು ಎದುರುಮನೆಯವರು ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು: "ಕಾಲು ಮೊದ್ಲು ಬಂದ್ರೆ ಕಷ್ಟ ಕಣಮ್ಮ. ತಲೆ ಬರ್ಲಿ, ಭುಜ ಬರ್ಲಿ, ಮಿಕ್ಕಿದ್ದು ತಾನಾಗೇ ಬತ್ತದೆ."

ಜೀವನವಿಡೀ ಹೆರಿಗೆ ಮಾಡಿಸಿದವರ ಮಾತು ಅದು. ಹೆಸರು ಡಾಕ್ಟರ್ ಪುಟ್ಟತಾಯಮ್ಮ, ನನ್ನ ಅಪ್ಪನ ತಂಗಿ. ಊರಿಗೆಲ್ಲ ತಾಯಮ್ಮ ಡಾಕ್ಟ್ರು. ಟಿ. ನರಸೀಪುರದ ಕಡೆಯ ನಮ್ಮ ರೈತ ಮನೆತನದಲ್ಲಿ ಡಾಕ್ಟರಾದ ಮೊದಲನೆಯವರು. ಆದರೆ ಎಷ್ಟು ಓದಿದರೂ, ಎಷ್ಟು ಹೆಸರು ಮಾಡಿದರೂ ನಾಲಿಗೆಯನ್ನು ಮಾತ್ರ ಊರಲ್ಲೇ ಬಿಟ್ಟು ಬರಲಿಲ್ಲ. ವಿನಯವೆನ್ನುವುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಮೈಸೂರಿನ ಅರ್ಧ ಜನ ತಮ್ಮ ಕೈಯಲ್ಲೇ ಹುಟ್ಟಿದವರು ಎಂದು ಗಟ್ಟಿಯಾಗಿ ನಂಬಿದ್ದರು. ತರಕಾರಿ ಅಂಗಡಿಯವನಿಗೂ ಬ್ಯಾಂಕಿನ ಮ್ಯಾನೇಜರಿಗೂ ಒಂದೇ ಮಾತು: "ನಿನ್ನ ಈ ಭೂಮಿಗೆ ಇಳ್ಸಿದ್ದೇ ನಾನು ಕಣೋ, ನಂಗೇ ಬುದ್ಧಿ ಹೇಳ್ತೀಯಾ?" ಬೇರೆ ಜಿಲ್ಲೆಯಲ್ಲಿ ಹುಟ್ಟಿ ಕೆಲಸಕ್ಕೆಂದು ಇಲ್ಲಿಗೆ ಬಂದವರೂ ಅವರ ದನಿಗೆ ಹೆದರಿ ಹೌದೆಂದು ಒಪ್ಪಿಕೊಂಡುಬಿಡುತ್ತಿದ್ದರು.

ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ "ಬ್ಯಾರೆಯವರ ಮಕ್ಕಳನ್ನ ಹಿಡಿಯಕ್ಕೇ ಪುರುಸೊತ್ತಿರ್ಲಿಲ್ಲ, ನಂದೆಲ್ಲಿ ಹಿಡೀಲಿ" ಅನ್ನುತ್ತಿದ್ದರು. ಕೆಲಸದಲ್ಲಿದ್ದಷ್ಟು ಕಾಲ ಒಂದು ಹಳೆಯ ಪುಟ್ಟ ಕಾರಿನಲ್ಲಿ ಎದ್ದೆನೋ ಬಿದ್ದೆನೋ ಎಂದು ಓಡಾಡಿದರು. ಹೊಟ್ಟೆಯೊಳಗಿನ ಮಗು ಯಾರಿಗೂ ಕಾಯುವುದಿಲ್ಲವಲ್ಲ. ನಿವೃತ್ತಿಯಾದ ಮೇಲೆ, ಎಲ್ಲರೂ ಕಾಶಿಯ ಟಿಕೆಟ್ಟು ಕೊಳ್ಳುವ ವಯಸ್ಸಿನಲ್ಲಿ, ಗೋಕುಲಂನಲ್ಲಿ ಯಾರೋ ಮಾರಲಿಟ್ಟಿದ್ದ ಈ ಹಳದಿ ಕಾರನ್ನು ಕೊಂಡು ಮನೆಮುಂದೆ ತಂದು ನಿಲ್ಲಿಸಿದರು. ಅಪ್ಪ ತಲೆಯ ಮೇಲೆ ಕೈಹೊತ್ತು ಕೂತರು. "ಈ ವಯಸ್ಸಲ್ಲಿ ಏನವ್ವ ಅವಸರ ನಿಂಗೆ?" ಎಂದರೆ ಅತ್ತೆ, "ಅವಸರ ಮುಗೀತು, ಅದುಕ್ಕೇ ತಗಂಡಿದ್ದು ಅಣ್ಣ. ಅವಸರದಲ್ಲಿ ಜೋರಾಗಿ ಹೋಗೋದ್ರಲ್ಲಿ ಏನು ಸುಖ ಅದೆ?" ಎಂದರು.

ಹಾಗೆಂದು ಬೇಕಾಬಿಟ್ಟಿ ಓಡಿಸುತ್ತಿದ್ದರು ಎಂದುಕೊಳ್ಳಬೇಡಿ. ಊರೊಳಗೆ ಎತ್ತಿನಗಾಡಿಯೂ ಹಿಂದೆ ಹಾಕುವಂತೆ ಹೋಗುತ್ತಿದ್ದರು. ರಸ್ತೆಯ ಉಬ್ಬು ಬಂದರೆ ಕಾರಿನ ಹೊಟ್ಟೆ ತಾಗದಂತೆ ಓರೆಯಾಗಿ, ಒಂದೊಂದೇ ಚಕ್ರ ದಾಟಿಸುತ್ತಿದ್ದರು. ಹಿಂದಿನ ಆಟೋದವರು ಹಾರನ್ ಹೊಡೆದರೆ ಕಿಟಕಿಯಿಂದ ಕೈ ಹೊರಹಾಕಿ, "ತುಂಬಿದ ಬಸುರಿ ಕಣಪ್ಪ, ನಿಧಾನ" ಎನ್ನುತ್ತಿದ್ದರು. ಅವರ ಸುಖವೆಲ್ಲ ಬೆಳಗಿನ ಜಾವದ ಚಾಮುಂಡಿಬೆಟ್ಟದ ರಸ್ತೆಯಲ್ಲಿ. ಅಲ್ಲಿನ ತಿರುವುಗಳಲ್ಲಿ ಕಾರು ನೆಲಕ್ಕೆ ಅಂಟಿಕೊಂಡು ಹೊರಳುವಾಗ ಅತ್ತೆ ಸಣ್ಣಗೆ ಸೋಬಾನೆ ಪದ ಗುನುಗುತ್ತಿದ್ದರು. ಪಕ್ಕದಲ್ಲಿ ಕೂತು ನಾನು ಅಷ್ಟು ಸಂತೋಷಪಟ್ಟ ಬೆಳಗುಗಳು ಬೇರೆ ಇಲ್ಲ. ಆ ಕಾರು ಓಡಿಸಲು ನನಗೆ ಕಲಿಸಿದವರೂ ಅವರೇ.

ಗಂಡಾಂತರ ಬಂದದ್ದು ಒಂದು ಮಳೆಯ ದಿನ. ಟೈರುಗಳು ಆಗಲೇ ಹಳೆಯವಾಗಿದ್ದವು. ಅತ್ತೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂಜನಗೂಡಿನಿಂದ ಬರುವಾಗ ನೀರು ನಿಂತ ಕಡೆ ಬ್ರೇಕು ಒತ್ತಿದರೆ ಕಾರು ನಿಲ್ಲದೆ ಜಾರಿಕೊಂಡೇ ಹೋಗಿ ಒಂದು ಹುಣಸೆಮರದ ಮುಂದೆ ನಿಂತಿತಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಮನೆಗೆ ಬಂದ ಅಪ್ಪ ನೀರನ್ನೂ ಕುಡಿಯದೆ, "ಇದ ಮಾರ್ಬುಡು ಪುಟ್ಟಿ" ಎಂದುಬಿಟ್ಟರು. ಅತ್ತೆ ಕಾರಿನ ಕೀಲಿಯನ್ನು ಮೇಜಿನ ಮೇಲೆ ಇಟ್ಟರು. ಅಣ್ಣನ ಮಾತನ್ನು ಅವರು ತಮಾಷೆ ಮಾಡುತ್ತಿದ್ದರೇ ಹೊರತು ಯಾವತ್ತೂ ತೆಗೆದುಹಾಕಿದವರಲ್ಲ. ಹೊಲ ನಾನು ಉಳುತ್ತೇನೆ, ತಂಗಿಯನ್ನು ಓದಿಸು ಎಂದು ತಾತನ ಹತ್ತಿರ ಹಟ ಹಿಡಿದವರು ಅಪ್ಪನೇ. ಕೊನೆಗೆ ಒಂದು ಒಪ್ಪಂದವಾಯಿತು. ಅಪ್ಪನ ಮನಸ್ಸಿಗೆ ಧೈರ್ಯ ಬರುವಂಥ ಟೈರು ಸಿಕ್ಕರೆ ಕಾರು ಉಳಿಯುತ್ತದೆ, ಸಿಗದಿದ್ದರೆ ಮಾರಾಟ.

ಮಾರನೆಯ ದಿನ ಮೂವರೂ ಕೆಸರೆಯ ಕಡೆ ಇರುವ ನಂಜುಂಡನ ಟೈರಂಗಡಿಗೆ ಹೋದೆವು. ಕಾರಿನಲ್ಲಿ ಅವರಿಬ್ಬರು, ಹಿಂದೆ ಸ್ಕೂಟರಿನಲ್ಲಿ ನಾನು. ನಂಜುಂಡ ನಿಜಕ್ಕೂ ಅತ್ತೆಯ ಕೈಯಲ್ಲೇ ಹುಟ್ಟಿದವನು. ಅಂಗಡಿಯ ಹೊಸ್ತಿಲಲ್ಲೇ ಅದು ಇನ್ನೊಮ್ಮೆ ಜಾಹೀರಾಯಿತು. "ಹುಟ್ಟಿದಾಗ ಅಳ್ನೇ ಇಲ್ಲ ಇವ್ನು, ಎರಡು ಏಟು ಹಾಕ್ದೆ. ಈಗ ನೋಡಿ, ಬಾಯಿ ಮುಚ್ಚಲ್ಲ" ಎಂದು ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿದರು. ನಂಜುಂಡ ಹಲ್ಲುಕಿರಿದು ಕುರ್ಚಿ ಹಾಕಿದ.

ಅತ್ತೆ ಕೂರಲಿಲ್ಲ. ಜೋಡಿಸಿಟ್ಟ ಟೈರುಗಳ ಮುಂದೆ, ಬದನೆಕಾಯಿ ಆರಿಸುವವರಂತೆ, ಉಗುರಿನಿಂದ ಒತ್ತುತ್ತಾ ಮೂಸುತ್ತಾ ನಡೆದರು. ಟೈರಿನ ಕೆನ್ನೆಯ ಮೇಲೆ ಅದು ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ ಎಂಬುದನ್ನು ಎಲ್ಲೋ ಓದಿಕೊಂಡು ಬಂದಿದ್ದರು. "ಇದ್ರ ಹುಟ್ಟಿದ ತಾರೀಖು ಹೇಳು. ಇದ್ರದ್ದು? ಇದು ಆಗ್ಲೇ ಸ್ಕೂಲಿಗೆ ಸೇರ್ಸೋ ವಯಸ್ಸು ಕಣೋ, ಇಲ್ಲೇ ಮಡೀಕಂಡಿದ್ದೀಯಲ್ಲ!" ನಂಜುಂಡ ಮುಂದಿನ ಚಕ್ರಕ್ಕೆ ಒಂದು ಕಂಪನಿಯದು, ಅಗಲವಾದ ಹಿಂದಿನ ಚಕ್ರಕ್ಕೆ ಇನ್ನೊಂದು ಕಂಪನಿಯದು ಈಗಲೇ ಹಾಕಿಕೊಡುತ್ತೇನೆ ಎಂದ. ಅತ್ತೆ ಸುತರಾಂ ಒಪ್ಪಲಿಲ್ಲ. ಮುಂದಿನದು ಹಿಡಿದು ಹಿಂದಿನದು ಜಾರಿದರೆ ಗತಿಯೇನು? "ನಾಲ್ಕೂ ಒಂದೇ ಹೆರಿಗೇವು ಇರ್ಬೇಕು." ಇಷ್ಟು ವೇಗ ತಡೆಯುವ ಟೈರು ನಮ್ಮೂರಿನ ರಸ್ತೆಗೆ ಯಾಕೆ, ಸ್ವಲ್ಪ ಕಡಿಮೆ ದರ್ಜೆಯದು ಸಾಕಲ್ಲ ಎಂದು ಅವನು ರಾಗ ಎಳೆದಾಗ, "ಹೆರಿಗೆ ವಾರ್ಡಲ್ಲಿ ರಕ್ತದ ಬಾಟ್ಲಿ ಮಡಗದು ಬೇಕಾಗ್ಲಿ ಅಂತ್ಲೇನೋ? ಬೇಕಾದಾಗ ಇರ್ಲಿ ಅಂತ" ಎಂದರು.

ಕೊನೆಗೆ ನಂಜುಂಡ ವಿಷಯಕ್ಕೆ ಬಂದ. "ಈ ಕಾರಿಗೆ ಎರಡು ಥರ ತರುಸ್ಬೋದು ಡಾಕ್ಟ್ರಮ್ಮ. ಒಂದು ಗಟ್ಟಿದು, ಇನ್ನೊಂದು ಮೆತ್ತಂದು. ಮೆತ್ತಂದು ಮಳೆ ಬರ್ಲಿ, ತಿರುವು ಬರ್ಲಿ, ನೆಲ ಕಚ್ಚಿ ಹಿಡೀತದೆ. ಆದ್ರೆ ಬೇಗ ಸವೆದೋಯ್ತದೆ. ಗಟ್ಟಿದು ಅಷ್ಟು ಹಿಡಿಯಾಕಿಲ್ಲ, ಆದ್ರೆ ಅದ್ರ ಮೂರರಷ್ಟು ಬಾಳಿಕೆ ಬತ್ತದೆ."

ಬಾಳಿಕೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅಪ್ಪ ಎದ್ದು ನಿಂತರು. ಹೊಲದಿಂದ ಮುಂದೆ ರೇಷ್ಮೆ ಇಲಾಖೆಯ ಕೆಲಸಕ್ಕೆ ಸೇರಿ ನಿವೃತ್ತರಾದ ಅಪ್ಪನಿಗೆ ಜಗತ್ತಿನಲ್ಲಿ ವಸ್ತುಗಳು ಎರಡೇ ಬಗೆ: ಬಾಳಿಕೆ ಬರುವುವು, ಬಾರದವು. ಅವರ ಟೈರಿನ ಜ್ಞಾನವೆಲ್ಲ ಚಿಕ್ಕಂದಿನಲ್ಲಿ ಮೆಟ್ಟಿದ ಟೈರಿನ ಚಪ್ಪಲಿಯಿಂದ ಬಂದದ್ದು. "ಗಟ್ಟಿದೇ ಹಾಕಪ್ಪ. ನಮ್ಮಪ್ಪ ಒಂದು ಜೊತೆ ಟೈರಿನ ಮೆಟ್ಟಲ್ಲಿ ನಂಗೆ ಮದ್ವೇನೂ ಮಾಡ್ದ, ಇವ್ಳನ್ನ ಡಾಕ್ಟ್ರೂ ಮಾಡ್ದ" ಎಂದರು.

ಅತ್ತೆ ನಕ್ಕರು. ಆಮೇಲೆ ಅಣ್ಣನ ಕೈ ಹಿಡಿದುಕೊಂಡರು. "ಅಣ್ಣ, ನಂಗೆ ಎಪ್ಪತ್ತು ದಾಟ್ತು. ಬಾಳಿಕೆ ಬರೋ ಟೈರು ಕಟ್ಕೊಂಡು ಏನ್ಮಾಡ್ಲಿ? ನಾನು ಹೋದ್ಮೇಲೆ ಅದು ಯಾರ್ನ ಕಾಯ್ಕಂಡು ಶೆಡ್ಡಲ್ಲಿ ಕೂತಿರ್ಬೇಕು ಹೇಳು. ನಾನು ಇರೋಗಂಟ ನೆಲ ಬುಡದೆ ಹಿಡ್ಕೊಳ್ಳೋದು ಸಾಕು. ನಿಂಗೂ ಭಯ ತಪ್ತದೆ."

ಅಪ್ಪ ತಂಗಿಯ ಮುಖ ನೋಡಿದರು, ಟೈರು ನೋಡಿದರು, ಹೋಗಿ ಕಾರಿನಲ್ಲಿ ಕೂತರು. ಬೇಡ ಎನ್ನಲಿಲ್ಲ, ಅಷ್ಟೇ. ಅತ್ತೆ ಮೆತ್ತನೆಯ ಟೈರು ತರಿಸಲು ಹೇಳಿದರು.

ಟೈರುಗಳು ಬಂದು ಕೂತದ್ದು ದಸರಾದ ಹೊತ್ತಿಗೆ. ಆಯುಧಪೂಜೆಯ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಎಲ್ಲರಿಗಿಂತ ಮೊದಲೇ ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ, ವಿಭೂತಿಯ ಪಟ್ಟೆ ಬಳಿದು ಸಿದ್ಧ ಮಾಡಿದ್ದರು. ಟೈರುಗಳಂತೂ ಮಿರಮಿರನೆ ಮಿಂಚುತ್ತಿದ್ದವು. ಅತ್ತೆಗೆ ಖುಷಿಯೋ ಖುಷಿ. ಬೂದುಗುಂಬಳ ಒಡೆದಾಯಿತು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಮನೆ ಪಕ್ಕದ ಖಾಲಿ ಮೈದಾನದಲ್ಲಿ ಒಂದು ಸುತ್ತು ಹಾಕಿ ಬರುತ್ತೇನೆಂದು ಅತ್ತೆ ಹೊರಟರು. ನಿಂಬೆಹಣ್ಣು ಪಚಕ್ಕೆಂದವು. ಕಾರು ಮೈದಾನಕ್ಕೆ ಇಳಿದು ತಿರುಗಿತೋ ಇಲ್ಲವೋ, ಹಿಂಭಾಗ ಒನೆದುಕೊಂಡು ಸುಯ್ಯೆಂದು ಅರ್ಧ ಸುತ್ತು ಗಿರಕಿ ಹೊಡೆದು ನಮ್ಮ ಮನೆಯ ಕಡೆಗೇ ಮುಖ ಮಾಡಿ ನಿಂತಿತು. ಹಾರ ಕಿತ್ತುಹೋಗಿ ಗಾಜಿನ ಮೇಲೆ ಬಿದ್ದಿತ್ತು.

ತುರುಬು, ಭುಜ, ಅತ್ತೆ. ಇಳಿದವರು ಬಗ್ಗಿ ಟೈರು ಮುಟ್ಟಿದರು, ಬೆರಳು ಮೂಸಿದರು. "ಅಣ್ಣ, ಏನ್ ಹಚ್ಚಿದ್ದೀಯಾ ಇದಕ್ಕೆ?"

"ಹರಳೆಣ್ಣೆ" ಎಂದರು ಅಪ್ಪ, ಅಪರಾಧಿಯಂತೆ. "ಹಬ್ಬ ಅಲ್ವಾ. ಹೊಸವು ಬೇರೆ. ಮೆತ್ತಂದು, ಬೇಗ ಸವೀತದೆ ಅಂತಿದ್ದ ಅವ್ನು. ಚಪ್ಪಲಿಗೆ ಹಚ್ಚಿದ್ರೆ ಬಾಳಿಕೆ ಬತ್ತದಲ್ಲ ಅಂತ ಪೂರ್ತಿ ಹಚ್ದೆ. ನೆಲಕ್ಕೆ ತಾಗೋ ಕಡೆಗೆ ಇನ್ನೊಂದು ಚೂರು ಜಾಸ್ತಿನೇ ಹಚ್ದೆ."

ಈಗ ಬೈಗುಳ ಬೀಳುತ್ತದೆ ಎಂದುಕೊಂಡೆ. ಅತ್ತೆ ಮೈದಾನದ ಮಧ್ಯೆ ಸೊಂಟ ಹಿಡಿದುಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಕಾರಿಗೆ ಎಣ್ಣೆ ಸ್ನಾನ ಮಾಡ್ಸವ್ರೆ ನಮ್ಮಣ್ಣ! ಎಣ್ಣೆ ಹಚ್ಚಿ ಅಂಗೇ ಬುಟ್ರೆ ಆಯ್ತದಾ? ತಗೊಂಬಾರೇ ಮಗಾ, ಸೀಗೆಪುಡಿ!" ತಂದುಕೊಟ್ಟೆ. ಇಬ್ಬರೂ ಮಣೆ ಹಾಕಿಕೊಂಡು ಕೂತು ನಾಲ್ಕೂ ಟೈರಿಗೆ ಸೀಗೆಪುಡಿ ಹಾಕಿ, ಬಿಸಿನೀರು ಹೊಯ್ದು, ತೆಂಗಿನನಾರಿನಲ್ಲಿ ಗಸಗಸ ಉಜ್ಜಿದರು. ಅತ್ತೆ ಬಾಣಂತಿ ಮನೆಯ ಕೂಸಿಗೆ ಹೇಳುವ ಹಾಗೆ "ಕಣ್ಣು ಮುಚ್ಕೋ, ಕಣ್ಣು ಮುಚ್ಕೋ" ಎಂದು ಟೈರಿಗೆ ಹೇಳುತ್ತಿದ್ದರು. ಬೀದಿಗೆ ಬೀದಿಯೇ ಗೇಟಿಗೆ ಬಂದು ನಿಂತಿತ್ತು. ಎಣ್ಣೆ ಪೂರ್ತಿ ಹೋಯಿತೆಂದು ತೋರಿಸಲು ಅತ್ತೆ ಅಣ್ಣನ ಅಂಗೈಯನ್ನು ಟೈರಿನ ಮೇಲೆ ಇಟ್ಟು ಒತ್ತಿದರು. "ಕಚ್ಚಿ ಹಿಡೀತದಾ?" ಎಂದು ಕೇಳಿದರು. "ಹಿಡೀತದೆ" ಎಂದು ಅಪ್ಪ ಒಪ್ಪಿದರು. ಮಧ್ಯಾಹ್ನ ಒಬ್ಬಟ್ಟು ತಿನ್ನುವಾಗಲೂ ಇಬ್ಬರ ಉಗುರಿನಲ್ಲಿ ಕಪ್ಪು ಹಾಗೇ ಇತ್ತು.

ಅಲ್ಲಿಂದಾಚೆ ಬೆಟ್ಟದ ರಸ್ತೆಗೆ ಪಕ್ಕದ ಸೀಟು ನನಗೆ ಸಿಗುವುದು ಅಪರೂಪವಾಯಿತು. ಮಂಕಿ ಟೋಪಿ ಹಾಕಿಕೊಂಡು ಅಪ್ಪ ಹತ್ತಿ ಕೂತಿರುತ್ತಿದ್ದರು. ಮಳೆ ಬಂದರೆ ಬೇಡ ಎನ್ನುವ ಬದಲು, "ನಮ್ದು ಮೆತ್ತಂದು, ಹಿಡೀತದೆ, ನಡಿ" ಎನ್ನುತ್ತಿದ್ದರು. ಅತ್ತೆ ಹೋದಲ್ಲೆಲ್ಲ ಅದನ್ನು ಹೇಳಿಕೊಂಡು ನಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಹಿಂದಿನ ಬೆಳಿಗ್ಗೆಯೂ ಬೆಟ್ಟಕ್ಕೆ ಹೋಗಿ ಬಂದಿದ್ದರು, ನಿದ್ದೆಯಲ್ಲೇ ಹೋದರು. ಅವಸರವಿಲ್ಲದೆ. ತಾಯಮ್ಮ ಡಾಕ್ಟ್ರ ಕೈಯಲ್ಲಿ ಹುಟ್ಟಿದವರು, ಹುಟ್ಟಿದ್ದೇವೆಂದು ಒಪ್ಪಿಕೊಂಡವರು, ಎಲ್ಲರೂ ಬಂದು ಅತ್ತರು. ನಾನೂ ಬಹಳ ದಿನ ಅಳುತ್ತಲೇ ಇದ್ದೆ. ಕಾರಿನ ಹತ್ತಿರ ಹೋಗಲು ಮನಸ್ಸಾಗುತ್ತಿರಲಿಲ್ಲ.

ಮೊನ್ನೆ ಧೈರ್ಯ ಮಾಡಿ ಅದನ್ನು ನಂಜುಂಡನ ಅಂಗಡಿಗೆ ಒಯ್ದೆ. ಅಪ್ಪ ಮಂಕಿ ಟೋಪಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತಿದ್ದರು. ಇಟ್ಟುಕೊಳ್ಳುವುದೋ ಮಾರುವುದೋ ನನಗೂ ತಿಳಿಯದು. ನಂಜುಂಡ ಮಂಡಿಯೂರಿ ಹಿಂದಿನ ಟೈರಿನ ಗೆರೆಯೊಳಗೆ ಉಗುರು ಹಾಕಲು ನೋಡಿದ. ಉಗುರು ಇಳಿಯಲಿಲ್ಲ, ಇಳಿಯಲು ಗೆರೆಯೇ ಇರಲಿಲ್ಲ. "ಒಂಚೂರೂ ಉಳ್ಸಿಲ್ಲ ಕಣಕ್ಕ" ಎಂದ, ಕಣ್ಣು ಒರೆಸಿಕೊಳ್ಳುತ್ತಾ. "ಹಾಕ್ಸಿದ್ದನ್ನೆಲ್ಲ ಪೂರ್ತಿ ಓಡ್ಸೇ ಹೋಗವ್ರೆ. ಈಗ ಏನು ಹಾಕ್ಲಿ? ಮಾರೋದಾದ್ರೆ ಯಾವ್ದೋ ಒಂದು ಗಟ್ಟಿದು ಸಾಕು."

ಕಾರಿನ ಬಾಗಿಲು ತೆರೆದ ಸದ್ದಾಯಿತು. ಮೊದಲು ಮಂಕಿ ಟೋಪಿ ಹೊರಬಂತು, ಆಮೇಲೆ ಒಂದು ಭುಜ, ಆಮೇಲೆ ಇನ್ನೊಂದು. ಅಪ್ಪ ನಿಧಾನವಾಗಿ ನಿಂತು, ಕನ್ನಡಕ ಸರಿಮಾಡಿಕೊಂಡು, ಜೋಡಿಸಿಟ್ಟ ಟೈರುಗಳ ಮುಂದೆ ಹೋಗಿ ಬಗ್ಗಿದರು.

"ಮೆತ್ತಂದೇ ಹಾಕು. ನಾಲ್ಕೂ ಒಂದೇ ಹೆರಿಗೇವು ಇರ್ಲಿ," ಎಂದರು. "ಹುಟ್ಟಿದ ತಾರೀಖು ಎಲ್ಲದೆ, ತೋರ್ಸು."