ವನಜಾಕ್ಷಿಯ ಗಡ್ಡೆ, ಮನೆಯವರ ಹುಳು

ಬೀಡಿ ಸೇದಿದ ಕೈ ತೊಳೆಯದೆ ಬೀರಲಿಂಗಯ್ಯ ರೇಷ್ಮೆ ಹುಳುವಿಗೆ ಸೊಪ್ಪು ಹಾಕಬಹುದು. ಹೊಗೆಸೊಪ್ಪಿನ ನಂಜಿಗೆ ಹುಳು ಸತ್ತರೂ ಕಲ್ಯ ಊರಿನಲ್ಲಿ ಯಾರೂ ಅವನನ್ನು ಕೇಳುವುದಿಲ್ಲ. ಮುಟ್ಟಾದ ಹೆಂಗಸು ಮಾತ್ರ ಹುಳುಮನೆಗೆ ಕಾಲಿಡಬಾರದು.

ಅವನ ಸೊಸೆ ವನಜಾಕ್ಷಿಗೆ ಮುಟ್ಟು ನಿಲ್ಲುವುದೇ ಇಲ್ಲ. ತಿಂಗಳಲ್ಲಿ ಅರ್ಧ ರಕ್ತ. ಹುಳು ಪೊರೆ ಕಳಚುವ ನಾಲ್ಕನೇ ಜ್ವರದಿಂದೆದ್ದು ಹೊತ್ತುಹೊತ್ತಿಗೂ ಸೊಪ್ಪು ಬೇಡುವಾಗ, ಗಂಡ ಮುತ್ತುರಾಜು ಮೆಡಿಕಲ್ ಸ್ಟೋರಿನಿಂದ ಮುಟ್ಟು ತಡೆಯುವ ಮಾತ್ರೆ ತರುತ್ತಿದ್ದ. ಹುಳು ಗೂಡು ಕಟ್ಟಿದ ಮೇಲೆ ಮಾತ್ರೆ ನಿಲ್ಲುತ್ತಿತ್ತು. ತಡೆದದ್ದೆಲ್ಲ ಒಟ್ಟಿಗೆ ಹರಿಯುತ್ತಿತ್ತು. ಬೆಳೆ ಬೆಳೆಗೂ ಇದೇ ಪಾಡು. ಕೊನೆಗೆ ಹಿಪ್ಪುನೇರಳೆ ತೋಟದಲ್ಲೇ ತಲೆ ಸುತ್ತಿ ಬಿದ್ದಳು.

ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಗೋಡೆಯಲ್ಲಿ ಮೂಸಂಬಿಯಷ್ಟು ಗಡ್ಡೆ. ಕ್ಯಾನ್ಸರ್ ಅಲ್ಲ. ಆದರೂ ನರ್ಸಿಂಗ್ ಹೋಮಿನವರು ಗರ್ಭಕೋಶವನ್ನೇ ತೆಗೆದುಬಿಡೋಣ ಎಂದರು.

“ತೆಗ್ಸಾಕು ಕಣೆ. ನಂದೂ ತೆಗ್ದೌರೆ, ಸತ್ತೋದ್ನಾ?” ಎಂದಳು ಅತ್ತೆ ಬೀರಮ್ಮ.

“ಇನ್ಮೇಲೆ ಹುಳಕ್ಕೂ ತೊಂದ್ರೆ ಇಲ್ಲ ಬುಡು,” ಎಂದು ಮುತ್ತುರಾಜು ಹಗುರಾದ.

ವನಜಾಕ್ಷಿಗಿನ್ನೂ ಮಕ್ಕಳಾಗಿರಲಿಲ್ಲ. ಬಂಜೆ ಎಂದು ವರ್ಷಗಟ್ಟಲೆ ಚುಚ್ಚಿದವರೇ ಈಗ ಬಸಿರಾಗುವ ಚೀಲ ಕೀಳಿಸಲು ಹೊರಟಿದ್ದರು.

ಅವಳು ನಾದಿನಿ ಅನುಷಾಳ ಜೊತೆ ರಾಮನಗರದ ಸರ್ಕಾರಿ ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮಾತ್ರೆಗೆ ರಕ್ತ ಹಿಡಿತಕ್ಕೆ ಬರುತ್ತದೆ, ಗಡ್ಡೆ ಹೋಗುವುದಿಲ್ಲ. ಇಂಜೆಕ್ಷನ್ನಿಗೆ ಕುಗ್ಗುತ್ತದೆ, ನಿಲ್ಲಿಸಿದರೆ ಮತ್ತೆ ಬೆಳೆಯುತ್ತದೆ. ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚುವುದೂ ಉಂಟು, ಆದರೆ ಮಗು ಬೇಕೆನ್ನುವವರಿಗೆ ಸಾಮಾನ್ಯವಾಗಿ ಅದನ್ನು ಹೇಳುವುದಿಲ್ಲ. ಗಡ್ಡೆಯನ್ನಷ್ಟೇ ಕೊಯ್ದು ಗರ್ಭಕೋಶ ಉಳಿಸಬಹುದು. ಮತ್ತೆ ಗಡ್ಡೆ ಬರಬಹುದು, ಬಸಿರಿನ ಗ್ಯಾರಂಟಿಯೂ ಇಲ್ಲ. ಯಾವುದಕ್ಕೂ ಮೊದಲು ಮೈಗೆ ರಕ್ತ ಏರಬೇಕು. ನೀವೇ ತಂದು ನುಂಗುವ ಆ ಮುಟ್ಟು ತಡೆಯುವ ಮಾತ್ರೆ ಇನ್ನು ನಿಲ್ಲಿಸಿ.

“ಇಷ್ಟೊಂದು ದಾರಿ ಐತಾ! ಅಲ್ಲಿ ಒಂದೇ ಹೇಳಿದ್ರಲ್ಲಾ,” ಎಂದಳು ವನಜಾಕ್ಷಿ.

ಮುಂದಿನ ಬೆಳೆಗೆ ಮುತ್ತುರಾಜು ತಂದ ಮಾತ್ರೆಯನ್ನು ಅವಳು ಮುಟ್ಟಲಿಲ್ಲ. “ಮುಟ್ಟಾಗಿವ್ನಿ” ಎಂದು ಜಗಲಿಯಲ್ಲಿ ಕೂತುಬಿಟ್ಟಳು. ಒಳಗೆ ಹುಳು ಹಸಿದಿತ್ತು. ವಯಸ್ಸಾದ ಅಪ್ಪ ಅಮ್ಮನಿಂದ ಹೆಚ್ಚು ಆಗದೆ, ಮುತ್ತುರಾಜು ಒಬ್ಬನೇ ಸೊಪ್ಪು ಹೊತ್ತು ಸೋತ. ಮಾರನೇ ದಿನ ಬೀರಮ್ಮನೇ ಹತ್ತಿರ ಬಂದಳು.

“ಯಾರ್ಗೂ ಹೇಳ್ಬೇಡ, ಒಳಕ್ ಬಂದು ಒಸಿ ಸೊಪ್ಪಾಕು.”

“ರಕ್ತ ಹೋಯ್ತಾ ಇದ್ರೂ ಬರ್ಬೋದಾ? ಆಯ್ತು, ಬತ್ತೀನಿ. ಮೊದ್ಲು ನಿಮ್ಮಗ ರಾಮನಗರದ ಆಸ್ಪತ್ರೆಗೆ ಫೋನ್ ಮಾಡ್ಲಿ.”

ಮುತ್ತುರಾಜು ಮೊಬೈಲ್ ಹಿಡಿದು ನಿಂತ. “ಏನಂತ ಹೇಳ್ಲಿ?”

“ಗಡ್ಡೆ ಮಾತ್ರ ತೆಗೀರಿ ಅನ್ನು.”

“ತಿರ್ಗಾ ಬಂದ್ರೆ?”

“ಬಂದಾಗ ನೋಡ್ಕಳವಾ. ಅನ್ನು.”

ಪಕ್ಕದ ಮನೆಯವರಿಗೆ ಕೇಳಿಸದಂತೆ ಗೋಡೆ ಕಡೆ ತಿರುಗಿ, ಫೋನಿನಲ್ಲಿ ಪಿಸುದನಿಯಲ್ಲಿ ಅಂದ.

“ಜೋರಾಗ್ ಅನ್ನು,” ಎಂದಳು ವನಜಾಕ್ಷಿ. “ಅವ್ರಿಗ್ ಕೇಳ್ಬೇಡ್ವಾ?”