ಅಜ್ಮತುಲ್ಲಾನ ಕೈ ಮತ್ತು ಹರಳೆಣ್ಣೆ

ಮಾಲೂರಿನ ಕೋದಂಡರಾಮಪ್ಪನವರ ಬಸ್ ಷೆಡ್ಡಿನಲ್ಲಿ ಅಜ್ಮತುಲ್ಲಾನ ಕೈಯಿಂದ ಏಟು ತಿನ್ನದ ಕೆಲಸಗಾರನೇ ಇರಲಿಲ್ಲ. ವೆಲ್ಡಿಂಗ್ ಅವನ ಕಸುಬು, ಬೈಗುಳ ಅವನ ಉಸಿರು. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲಿನ ಡ್ರಮ್ಮು ಕಟ್ಟಿಕೊಂಡು, ಅದರ ಅನಿಲದಲ್ಲಿ ಓಡುತ್ತಿದ್ದವು. ಬೆಳಗಾದರೆ ಒಂದಲ್ಲ ಒಂದು ಡ್ರಮ್ಮು ಸೀಳಿರುತ್ತಿತ್ತು. ಅದನ್ನು ಬೆಸೆಯಲು ಬೆಂಗಳೂರಿನಿಂದ ರೈಲಿನಲ್ಲಿ ಆಕ್ಸಿಜನ್ ಸಿಲಿಂಡರು ಬರುತ್ತಿತ್ತು. ಒತ್ತಿ ತುಂಬಿದ ಆ ಗಾಳಿಗೆ ಎಣ್ಣೆ ಸೋಕಿದರೆ ಬೆಂಕಿಕಡ್ಡಿಯೇ ಬೇಡ, ತಾನೇ ಹತ್ತಿಕೊಳ್ಳುತ್ತದೆ. ಅದಕ್ಕೇ ಜಿಡ್ಡು ಕೈಯಲ್ಲಿ ಸಿಲಿಂಡರು ಮುಟ್ಟಿದವನ ಕೆನ್ನೆ ಊದುತ್ತಿತ್ತು. ಯಾಕೆ ಹೊಡೆದೆ ಎಂದು ಬಿಡಿಸಿ ಹೇಳುವ ತಾಳ್ಮೆ ಮಾತ್ರ ಆ ಪುಣ್ಯಾತ್ಮನಿಗಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಅವನ ಜೊತೆಗಾರ ಗಂಗುಲಪ್ಪ ಸ್ಪ್ಯಾನರು, ಸುತ್ತಿಗೆ, ಜಾಕು ಎಲ್ಲಕ್ಕೂ ಹರಳೆಣ್ಣೆ ಸವರಿ ಕುಂಕುಮ ಇಟ್ಟ. ಸಿಲಿಂಡರನ್ನೊಂದು ಯಾಕೆ ಬಿಡಬೇಕು ಎಂದು ಅದರ ಬಾಯಿಗೂ ಸವರಿದ. ಮಾರನೆಯ ಬೆಳಿಗ್ಗೆ ಅಜ್ಮತುಲ್ಲಾ ಷೆಡ್ಡಿಗೆ ಕಾಲಿಟ್ಟಾಗ ಗಂಗುಲಪ್ಪ ಸಿಲಿಂಡರಿನ ಬಾಯಿಗೆ ಒತ್ತಡ ತೋರಿಸುವ ಮೀಟರು ಕೂರಿಸಿ, ಕೀ ಹಾಕಿ, ಗಾಳಿ ಬಿಡಲು ನಿಂತಿದ್ದ. ಹಿತ್ತಾಳೆಯ ಮೇಲೆ ಎಣ್ಣೆ ಮಿರುಗುತ್ತಿತ್ತು.

"ಲೇ, ಬಿಡ್ಲಾ! ತಿರುಗಿಸ್ಬೇಡ!"

ದಿನವೂ ಕೇಳುವ ಕೂಗು. ಗಂಗುಲಪ್ಪ ತಲೆ ಕೂಡ ಎತ್ತಲಿಲ್ಲ. ಅಜ್ಮತುಲ್ಲಾ ಕೈಗೆ ಸಿಕ್ಕ ಕಬ್ಬಿಣದ ಸರಳಿನಿಂದ ಅವನ ಮಣಿಕಟ್ಟಿಗೆ ಬಾರಿಸಿದ. ಮೂಳೆ ಲಟಕ್ಕೆಂದಿತು.

ಕೋದಂಡರಾಮಪ್ಪ ಓಡಿಬಂದು ಅಜ್ಮತುಲ್ಲಾನ ಮುಖಕ್ಕೆ ಗುದ್ದಿದರು. ತುಟಿ ಒಡೆದು ರಕ್ತ ಸುರಿಯಿತು. "ಏಮ್ರಾ, ಅಷ್ಟು ಕೊಬ್ಬಾ ನಿಂಗೆ?"

"ಸಿಲಿಂಡರ್ ಬಾಯಿಗೆ ಎಣ್ಣೆ ಐತೆ ಸಾಮಿ, ಸಿಡೀತದೆ."

"ಪೂಜೆ ಎಣ್ಣೆ ಕಣೋ ಅದು! ಅದೇನ್ ಸಿಡೀತದೋ ನಾನೇ ನೋಡ್ತೀನಿ," ಎಂದು ಯಜಮಾನರು ಕೀ ಹಿಡಿದರು.

ಸರಳು ಇನ್ನೂ ಅಜ್ಮತುಲ್ಲಾನ ಕೈಯಲ್ಲೇ ಇತ್ತು. ಅದನ್ನು ಕೆಳಗೆ ಹಾಕಿ ಅವರ ಕಾಲು ಹಿಡಿದ. ಅವರು ಅವನನ್ನು ಒದ್ದು ಕೀ ತಿರುಗಿಸಿದರು. ಮೀಟರು ಸಿಡಿದು ಅವರ ಮುಖಕ್ಕೇ ಬಡಿಯಿತು, ಬೆಂಕಿ ಎದೆಗೆ ಹತ್ತಿಕೊಂಡಿತು. ಸಂಜೆಯೊಳಗೆ ಪ್ರಾಣ ಹೋಯಿತು.

ಆಮೇಲೆ ಅಜ್ಮತುಲ್ಲಾ ಯಾರ ಮೇಲೂ ಕೈ ಎತ್ತಲಿಲ್ಲ. ಜಿಡ್ಡು ಕೈಯವರು ಬಂದರೆ ತಾನೇ ಸೋಪು ಹಿಡಿದು ತೊಳೆಸುತ್ತಿದ್ದ. ಬೈಗುಳವೂ ನಿಂತಿತು.

ಸೊಟ್ಟಗೆ ಕೂಡಿಕೊಂಡ ಕೈಯಿಂದ ಬಿದಿರು ದಬ್ಬೆ ಬಿಚ್ಚಿದ ದಿನ ಗಂಗುಲಪ್ಪ ಅವನನ್ನು ಕೇಳಿದ: "ನಂಗೆ ಬಿಟ್ಟಂಗೆ ಅವರಿಗೂ ಒಂದು ಬಿಡಬಾರ್ದಿತ್ತೇನ್ಲಾ? ಉಳ್ಕೊತಿದ್ರು."

"ಕೈ ಏಳ್ಲಿಲ್ಲ ಕಣೋ," ಎಂದ ಅಜ್ಮತುಲ್ಲಾ. "ಯಜಮಾನ್ರಲ್ವಾ."