ಹರಿವಾಣದಲ್ಲಿ ನಿಂತ ಒನಕೆ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಕುಶಾಲು ಮಾಡುತ್ತಿದ್ದೆ. ನಾನು ಅಲೆವೂರಿನಲ್ಲಿ ಆಟೋ ಓಡಿಸುವವ. ಮಗಳ ಪುಸ್ತಕ ನೋಡಿ ಓದಿ, ನಲವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದೆ. ಗ್ರಹಣ ಅಂದರೆ ಎಂತ ಅಂತ ಆಗ ಗೊತ್ತಾಯಿತು. ಸ್ವಲ್ಪ ಅಹಂಕಾರವೂ ಬಂತು.

ಕೆಲವು ವರ್ಷದ ಹಿಂದೆ, ಒಂದು ಡಿಸೆಂಬರಿನ ಬೆಳಿಗ್ಗೆ ಸೂರ್ಯಗ್ರಹಣ ಇತ್ತು. ಕಾಪು ಬೀಚಿಗೆ ಹೋಗಿ ನೋಡುವ ಅಂತ ಮನೆಯವರನ್ನೆಲ್ಲ ನಾನು ಹೊರಡಿಸಿದೆ. ಅಮ್ಮ ಒಪ್ಪಲಿಲ್ಲ. ಕೊನೆಗೆ, "ಗ್ರಹಣ ಹಿಡಿಯಲಿ, ಒನಕೆ ನಿಲ್ಲಿಸಿ ಬರುತ್ತೇನೆ. ಅದು ನಿಂತಿದ್ದರೆ ನನಗೆ ಧೈರ್ಯ" ಅಂದರು.

ಗ್ರಹಣ ಹಿಡಿದ ಕೂಡಲೇ ಹರಿವಾಣಕ್ಕೆ ಅರಿಶಿನದ ನೀರು ಹಾಕಿ ಅದರಲ್ಲಿ ಒನಕೆ ನಿಲ್ಲಿಸುವುದು ನಮ್ಮಲ್ಲಿ ಹಿಂದಿನಿಂದ ಉಂಟು. ಗ್ರಹಣ ಬಿಟ್ಟಾಗ ಅದು ತಾನಾಗಿ ಬೀಳುತ್ತದಂತೆ. ಅಮ್ಮ ಮೂರು ಸಲ ನಿಲ್ಲಿಸಿದಾಗಲೂ ವಾಲಿತು. ನಾಲ್ಕನೇ ಸಲಕ್ಕೆ ನಿಂತಿತು.

"ಅಡಿ ಸಮ ಇದ್ದರೆ ಯಾವತ್ತೂ ನಿಲ್ಲುತ್ತದೆ ಅಮ್ಮ" ಅಂದೆ.

"ಆಯಿತು ಮಾರಾಯ, ಪಾಸಾದದ್ದು ನೀನು, ಒನಕೆ ಅಲ್ಲ" ಅಂದರು. ಹೆಂಡತಿ, ಮಗಳು ನಗಾಡಿದರು.

ಅದು ನನಗೆ ತಾಗಿತು. ಅವರೆಲ್ಲ ಆಟೋದಲ್ಲಿ ಕೂತ ಮೇಲೆ, ನೀರಿನ ಬಾಟಲಿ ಮರೆತೆ ಅಂತ ಹೇಳಿ ಒಳಗೆ ಹೋದೆ. ಒನಕೆ ಎತ್ತಿ ಅಡುಗೆಕೋಣೆಯ ಬಾಗಿಲ ಹಿಂದೆ ಮಲಗಿಸಿದೆ. ವಾಪಸ್ ಬಂದು, ನೋಡಿ ಅಮ್ಮ, ಒನಕೆ ನಿಲ್ಲದಿದ್ದರೂ ಎಂತದೂ ಆಗಲಿಲ್ಲ ಅಂತ ತೋರಿಸುವ ಆಸೆ. ಹಿಂದಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಎದುರಿನ ಬಾಗಿಲಿಗೆ ಬೀಗ ಹಾಕಿ ಕೀ ಕಿಸೆಗೆ ಹಾಕಿಕೊಂಡೆ. ಇದ್ದದ್ದು ಅದೊಂದೇ ಕೀ.

ಕಾಪುವಿನಲ್ಲಿ ಬಿಸಿಲು ಮಂಕಾಯಿತು. ಅಮ್ಮ ಸೂರ್ಯನಿಗೆ ಬೆನ್ನು ಹಾಕಿ, ಕೊಡೆ ಹಿಡಿದು ಮರಳಲ್ಲಿ ಕೂತಿದ್ದರು. ಮಗಳು ಗ್ರಹಣ ನೋಡುವ ಕನ್ನಡಕ ಕೊಟ್ಟಳು. ಅಮ್ಮ ನನ್ನ ಮುಖ ನೋಡಿದರು.

"ಒನಕೆ ಗಟ್ಟಿ ನಿಂತಿದೆಯಲ್ಲ ಮಗ? ಕೊನೆಗೆ ಹೊರಗೆ ಬಂದದ್ದು ನೀನಲ್ವಾ."

"ನಿಂತಿದೆ" ಅಂದೆ.

ಆ ಮಾತಿನ ಮೇಲೆ ಅವರು ಕನ್ನಡಕ ಹಾಕಿ ತಿರುಗಿ ಗ್ರಹಣ ನೋಡಿದರು, ಎಪ್ಪತ್ತು ದಾಟಿದವರು ಜೀವನದಲ್ಲೇ ಮೊದಲ ಸಲ. "ಹುಲ್ಲು ಕೊಯ್ಯುವ ಕತ್ತಿಯ ಹಾಗೆ ಉಂಟು" ಅಂತ ಮಕ್ಕಳ ಹಾಗೆ ನಕ್ಕರು. ನನಗೆ ತಲೆ ಎತ್ತಲು ಆಗಲಿಲ್ಲ. ಆ ಗ್ರಹಣ ನಾನು ಸರಿಯಾಗಿ ನೋಡಲೇ ಇಲ್ಲ.

ಮನೆಗೆ ಬರುವಾಗ ಮಧ್ಯಾಹ್ನ ಆಗಿತ್ತು. ಬೀಗ ತೆಗೆದದ್ದು ನಾನೇ. ಒನಕೆ ಹರಿವಾಣದ ನಡುವೆ ನಿಂತಿತ್ತು. ಬಾಗಿಲ ಹಿಂದೆ, ನಾನು ಮಲಗಿಸಿದಲ್ಲಿ, ಅರಿಶಿನದ ಕಲೆ ಒಣಗಿತ್ತು.

"ಅಜ್ಜಿ, ಗ್ರಹಣ ಬಿಟ್ಟು ಎಷ್ಟು ಹೊತ್ತಾಯಿತು. ಇದು ಬೀಳಬೇಕಿತ್ತಲ್ವಾ?" ಅಂತ ಮಗಳು ಕೇಳಿದಳು.

"ನಾವು ಬರಲಿ ಅಂತ ಕಾದದ್ದು" ಅಂದರು ಅಮ್ಮ. "ಮಗ, ನೀನೇ ತೆಗೆ."

ತೆಗೆದೆ. ಅಡಿಯ ಅರಿಶಿನ ಒರೆಸಿ ಮೂಲೆಗೆ ಒರಗಿಸಿದೆ.

ಆಮೇಲೆ ಎಷ್ಟೋ ಸಲ ಪರೀಕ್ಷೆ ಮಾಡಿದೆ. ಗ್ರಹಣ ಇಲ್ಲದ ದಿನವೂ ಒನಕೆ ನಿಲ್ಲುತ್ತದೆ. ಆದರೆ ನಿಲ್ಲಿಸಲು ಒಬ್ಬರು ಬೇಕು. ಅವತ್ತು ಯಾರು, ನನಗೆ ಗೊತ್ತಿಲ್ಲ. ಅಮ್ಮನನ್ನು ಕೇಳುವ ಅಂದರೆ, ಮೊದಲು ನಾನು ಮಾಡಿದ್ದನ್ನು ಹೇಳಬೇಕು.

ಈಗಲೂ ಮನೆಗೆ ಯಾರಾದರೂ ಬಂದರೆ ಅಮ್ಮ ನನ್ನನ್ನು ತೋರಿಸಿ ಹೇಳುತ್ತಾರೆ: "ಇವ ಓದಿದವ. ಆದರೂ ಅವತ್ತು ನನ್ನ ಒನಕೆ ಮುಟ್ಟಲಿಲ್ಲ."

ನಾನು ಚಾ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ.